ಬೀಟ್‌ರೂಟ್ ಲಂಗ, ಅರಿಶಿನದ ಅಂಚು

ಮಗಳ ಹುಟ್ಟುಹಬ್ಬಕ್ಕೆ ಬೊಂಬೆ ಕೇಕು ಬೇಕು. ಅದಕ್ಕೆ ಬೇಕಾದ ಬಣ್ಣ ಗುಂಡ್ಲುಪೇಟೆಯ ಹೊಲದಲ್ಲಿದೆ, ಕೈಚಳಕ ನಮ್ಮ ಅಜ್ಜಿಯರ ಸಂಕ್ರಾಂತಿ ಅಡುಗೆಮನೆಯಲ್ಲಿದೆ.

ಹುಟ್ಟಿದ ಜಾಗಕ್ಕೇ ಒಂದು ಮಂಟಪ ಕಟ್ಟಿಸಿದ ಊರು ಚಾಮರಾಜನಗರ. ಹಿಂದೆ ಅರಿಕುಠಾರ ಎನಿಸಿಕೊಂಡಿದ್ದ ಈ ಊರಲ್ಲಿ 1774ರಲ್ಲಿ ಚಾಮರಾಜ ಒಡೆಯರು ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು, ಜನನ ಮಂಟಪವನ್ನೂ ನಿಲ್ಲಿಸಿದರು. ಅರಸುಮನೆಯ ಹುಟ್ಟಿಗೆ ಕಲ್ಲಿನ ನೆನಪು ಸಿಕ್ಕಿತು. ಉಳಿದವರ ಮನೆಗಳಲ್ಲಿ ಹುಟ್ಟಿದ ದಿನವೆಂದರೆ ಎಣ್ಣೆ ನೀರು, ಹೊಸ ಬಟ್ಟೆ, ಶ್ಯಾವಿಗೆ ಪಾಯಸ, ಹೊತ್ತು ಮುಳುಗುವಾಗ ಒಂದು ಆರತಿ.

ಆ ಸಾಲಿಗೆ ಈಗ ಕೇಕು ಬಂದು ಕೂತಿದೆ. ಹೆಣ್ಣುಮಗುವಿಗೆ ನಾಲ್ಕು ತುಂಬಿ ಐದಕ್ಕೆ ಬಿತ್ತೆಂದರೆ ಬೇಡಿಕೆಯೂ ಸ್ಪಷ್ಟ: 'ನಂಗೆ ಬೊಂಬೆ ಕೇಕೇ ಬೇಕು.' ನಡುವಿನವರೆಗೆ ನಿಜವಾದ ಬೊಂಬೆ, ನಡುವಿನಿಂದ ಕೆಳಗೆ ಕೇಕಿನ ದೊಡ್ಡ ಲಂಗ. ಬೇಕರಿ ಫೋಟೊದಲ್ಲಿ ಅದು ಕಣ್ಣು ಕುಕ್ಕುವ ಗುಲಾಬಿ. ಮಗು ಬೆರಳು ತೋರಿಸುತ್ತದೆ, ಅಪ್ಪ ಬೆಲೆ ಕೇಳುತ್ತಾನೆ, ಅಮ್ಮ ಆ ಬಣ್ಣ ನೋಡಿ ಯೋಚನೆಗೆ ಬೀಳುತ್ತಾಳೆ. ಆ ಅಮ್ಮನಿಗೆ ಈ ಲೇಖನ. ಬೊಂಬೆ ಕೇಕನ್ನು ಮನೆಯಲ್ಲೇ ಮಾಡಬಹುದು. ಈ ಜಿಲ್ಲೆಯವರು ಮಾಡಲೇಬೇಕು ಅನ್ನುವಷ್ಟು ಸಾಮಗ್ರಿ ನಮ್ಮ ಸುತ್ತಲೇ ಇದೆ.

ಸಕ್ಕರೆ ಬೊಂಬೆ ನಮಗೆ ಹೊಸದಲ್ಲ

ತಿನ್ನುವ ಬೊಂಬೆ ಪರದೇಶದಿಂದ ಬಂದದ್ದು ಎಂದುಕೊಂಡರೆ ತಪ್ಪಾಗುತ್ತದೆ. ಹಳೇ ಮೈಸೂರಿನ ಸೀಮೆಯಲ್ಲಿ ಸಂಕ್ರಾಂತಿಗೆ ವಾರವಿರುವಾಗಲೇ ಮರದ ಅಚ್ಚುಗಳು ಅಟ್ಟದಿಂದ ಇಳಿಯುತ್ತಿದ್ದವು. ಅಚ್ಚುಗಳನ್ನು ನೀರಲ್ಲಿ ನೆನೆಹಾಕಿ, ಜೋಡಿಸಿ ಬಿಗಿಯಾಗಿ ಕಟ್ಟುತ್ತಿದ್ದರು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕುದಿಸಿ, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸುತ್ತಿದ್ದರು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಸಣ್ಣ ಪಾತ್ರೆಗೆ ಬಗ್ಗಿಸಿ ಕಾಯಿಸಿ, ಅಂಚು ಬೆಳ್ಳಗಾಗುತ್ತಿದ್ದ ಹಾಗೇ ಅಚ್ಚಿಗೆ ಸುರಿಯುತ್ತಿದ್ದರು. ಬಿಚ್ಚಿದರೆ ಗಿಳಿ, ಆನೆ, ತುಳಸಿ ಬೃಂದಾವನ, ಪುಟ್ಟ ಬೊಂಬೆ. ಒಂದು ಕ್ಷಣ ಮೊದಲು ಸುರಿದರೆ ಗಟ್ಟಿಯಾಗದು, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಆ ಹದ ಬಲ್ಲ ಹೆಂಗಸರು ಯಾವ ತರಬೇತಿಯ ಪ್ರಮಾಣಪತ್ರವೂ ಇಲ್ಲದ ಮಿಠಾಯಿ ತಜ್ಞರು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ಆರತಿ ತಟ್ಟೆಯಲ್ಲಿಟ್ಟು ಬೆಳಗುವುದೂ ಇದೇ ಕುಲದ ಸಂಪ್ರದಾಯ.

ಬೊಂಬೆ ಕೂರಿಸುವುದಂತೂ ಈ ಭಾಗದ ನವರಾತ್ರಿಯ ಜೀವ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವ ಪಟ್ಟದ ಬೊಂಬೆಗಳು ರಾಜ ರಾಣಿಯಾಗಿ ಮೇಲಿನ ಮೆಟ್ಟಿಲಲ್ಲಿ ಕೂರುತ್ತವೆ. ಅವಕ್ಕೆ ವರ್ಷ ವರ್ಷವೂ ಹೊಸ ರೇಷ್ಮೆ ತುಂಡು ಉಡಿಸುತ್ತಾರೆ. ಮೈಸೂರು ಅರಮನೆಯೊಳಗೆ ಇದಕ್ಕೆಂದೇ ಗೊಂಬೆ ತೊಟ್ಟಿ ಇದೆ. ಬೊಂಬೆಗೆ ಉಡಿಸುವ ಕೈಯೂ ಸಕ್ಕರೆಯಲ್ಲಿ ಆಕಾರ ಬಿಡಿಸುವ ಕೈಯೂ ಒಂದೇ ಮನೆಯಲ್ಲಿದ್ದವು. ಬೊಂಬೆ ಕೇಕು ಕೇಳುವುದು ಇವೆರಡನ್ನೇ.

ಇನ್ನು ಆ ಉದ್ದ ಕೂದಲಿನ ಪ್ಲಾಸ್ಟಿಕ್ ಬೊಂಬೆ. ಅಮೆರಿಕದ ರೂತ್ ಹ್ಯಾಂಡ್ಲರ್ ಎಂಬ ತಾಯಿ, ತನ್ನ ಮಗಳು ಬಾರ್ಬರಾ ಕಾಗದದ ಬೊಂಬೆಗಳಿಗೆ ದೊಡ್ಡವರ ಬಟ್ಟೆ ತೊಡಿಸಿ ಆಡುವುದನ್ನು ಕಂಡಳು. ಅದರಿಂದ ಹುಟ್ಟಿದ ಬಾರ್ಬಿ 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಹೊರಬಂತು. ಮೂಲದಲ್ಲಿ ಅದೂ ಮಗಳ ಆಟವನ್ನು ಗಮನಿಸಿದ ತಾಯಿಯೊಬ್ಬಳ ಕೆಲಸವೇ. ನಾವೂ ಮಗಳನ್ನು ಗಮನಿಸೋಣ. ಅವಳ ಬೊಂಬೆಗೆ ಅವಳದೇ ಲಂಗ ಉಡಿಸೋಣ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಇದೇ ಜಿಲ್ಲೆಯಲ್ಲಿದೆ. ಗುಲಾಬಿ ಒಡಲು, ಹಳದಿ ಅಂಚಿನ ರೇಷ್ಮೆ ಲಂಗ ತೊಡದ ಹುಡುಗಿ ನಮ್ಮಲ್ಲಿ ಯಾರಿದ್ದಾಳೆ? ಕೇಕಿನ ಮೇಲೂ ಅದೇ ಬರಲಿ.

ಬಣ್ಣದ ಚಿಂತೆ ಸುಮ್ಮನೆ ಬಂದದ್ದಲ್ಲ

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯ ಗುಲಾಬಿಯಲ್ಲಿ ಸಿಕ್ಕಿದ್ದು ರೋಡಮೈನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರದಲ್ಲಿ ಅದಕ್ಕೆ ಜಾಗವೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಇಲಾಖೆ ಕೇಕುಗಳತ್ತ ತಿರುಗಿತು. ಪರೀಕ್ಷಿಸಿದ 235 ಮಾದರಿಗಳಲ್ಲಿ 223 ಸುರಕ್ಷಿತವಾಗಿದ್ದವು, 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕುಗಳ ಬಗ್ಗೆ ಇಲಾಖೆ ವಿಶೇಷವಾಗಿ ಎಚ್ಚರಿಸಿತು.

ಹೆಚ್ಚಿನ ಬೇಕರಿಗಳು ನಿಯಮ ಪಾಲಿಸುತ್ತವೆ ಅನ್ನುವುದನ್ನೂ ಈ ಅಂಕಿಯೇ ಹೇಳುತ್ತದೆ. ಆದರೆ ಬೊಂಬೆ ಕೇಕಿನ ಕಷ್ಟ ಬೇರೆ. ಅದರ ಚೆಲುವೆಲ್ಲ ಬಣ್ಣದಲ್ಲೇ ಇರುವುದರಿಂದ, ಲಂಗದ ತುಂಬ ಬಣ್ಣದ ಕ್ರೀಮು ಇರುತ್ತದೆ. ಮಗು ಮೊದಲು ನೆಕ್ಕುವುದೂ ಅದನ್ನೇ. ಮನೆಯಲ್ಲಿ ಬಾಟಲಿ ಬಣ್ಣ ಬಳಸುವವರಿಗೂ ಇದು ಅನ್ವಯಿಸುತ್ತದೆ. ಒಪ್ಪಿಗೆಯಿರುವ ಕೃತಕ ಬಣ್ಣಕ್ಕೂ ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಎಂಬ ಮಿತಿಯಿದೆ. ಅಡುಗೆಮನೆಯಲ್ಲಿ ಹನಿ ಲೆಕ್ಕದಲ್ಲಿ ಅದನ್ನು ಅಳೆಯುವ ಬಗೆ ಯಾವುದು?

ಈ ತಲೆಬಿಸಿಯೇ ಬೇಡ. ಗುಂಡ್ಲುಪೇಟೆ ತಾಲ್ಲೂಕಿನ ಹೊಲಗಳಲ್ಲಿ ಬೀಟ್‌ರೂಟ್ ಬೆಳೆಯುತ್ತದೆ. ಅರಿಶಿನದಲ್ಲಿ ಚಾಮರಾಜನಗರ ರಾಜ್ಯದ ಮುಂಚೂಣಿಯ ಜಿಲ್ಲೆ. ಗುಲಾಬಿಯೂ ಹಳದಿಯೂ ಮನೆ ಬಾಗಿಲಲ್ಲೇ ಇವೆ.

ಒಂದು ಬಣ್ಣವನ್ನು ಮಾತ್ರ ದೂರವಿಡಿ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ರಸ್ತೆಯ ಎರಡೂ ಬದಿ ಅರಳುವ ಚೆಂಡುಹೂವು ಎಷ್ಟೇ ಚೆಂದವಿರಲಿ, ಅದನ್ನು ಕಿತ್ತು ಕೇಕಿನ ಮೇಲೆ ಇಡಬೇಡಿ. ಅದು ಬಣ್ಣ ತೆಗೆಯುವ ಕಾರ್ಖಾನೆಗೆಂದು ಬೆಳೆದ ಬೆಳೆ. ಬಾಯಿಗಿಡುವ ಹೂವೆಂದು ಯಾರೂ ಬೆಳೆಸಿದ್ದಲ್ಲ, ಔಷಧಿ ಹೊಡೆದಿರುವ ಸಂಭವ ಹೆಚ್ಚು.

ಎರಡು ಬಣ್ಣ, ಎರಡು ಸ್ವಭಾವ

ಬೀಟ್‌ರೂಟಿನ ಬಣ್ಣ ಹುಳಿಯನ್ನು ಮೆಚ್ಚುತ್ತದೆ, ಬೆಂಕಿಗೂ ಸೋಡಾಗೂ ಹೆದರುತ್ತದೆ. ಹಿಟ್ಟಿಗೆ ಬೆರೆಸಿ ಬೇಯಿಸಿದರೆ ಮಸುಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಅದನ್ನು ಕೇಕಿನ ಒಳಗೆ ಹಾಕದೆ, ಬೇಯದ ಮೇಲುಡುಗೆಗೆ ಇಟ್ಟುಕೊಳ್ಳಬೇಕು. ಗಡ್ಡೆಯನ್ನು ಸಿಪ್ಪೆ ತೆಗೆದು, ತೆಳ್ಳಗೆ ಬಿಲ್ಲೆ ಹೆಚ್ಚಿ, ನೆರಳಲ್ಲಿ ಗಾಳಿಯಾಡುವ ಕಡೆ ಕಟುಂ ಅನ್ನುವಷ್ಟು ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಬಿಸಿಲಲ್ಲಿಟ್ಟರೆ ಬೇಗ ಒಣಗುತ್ತದೆ, ಬಣ್ಣವೂ ಬೇಗ ಹೋಗುತ್ತದೆ. ಅರ್ಧ ಕಿಲೋ ಗಡ್ಡೆಗೆ 50 ಗ್ರಾಂ ಆಸುಪಾಸು ಪುಡಿ ಸಿಕ್ಕರೆ ಒಂದು ಕೇಕಿಗೆ ಮಿಕ್ಕುತ್ತದೆ. ಮಣ್ಣಿನ ವಾಸನೆ ಹೋಗಲು ಒಂದು ಚಿಟಿಕೆ ಏಲಕ್ಕಿ ಸಾಕು.

ಅರಿಶಿನ ಹಾಗಲ್ಲ. ಅದು ಶಾಖಕ್ಕೆ ಅಷ್ಟು ಬೇಗ ಅಳುಕದು, ಆದರೆ ಸೋಡಾ ತಗುಲಿದರೆ ಕೆಂಪಾಗುತ್ತದೆ. ಇದು ನಮ್ಮ ಮನೆಗಳಿಗೆ ಗೊತ್ತಿರುವ ಗುಟ್ಟೇ. ಮಗುವಿಗೆ ದೃಷ್ಟಿ ತೆಗೆಯಲು ಅರಿಶಿನದ ನೀರಿಗೆ ಒಂದಿಷ್ಟು ಸುಣ್ಣ ಕದಡಿ ಕೆಂಪಾರತಿ ಮಾಡುತ್ತೇವಲ್ಲ, ಆಗ ತಟ್ಟೆಯಲ್ಲಿ ನಡೆಯುವುದು ಇದೇ. ಕ್ಷಾರ ಸೇರಿದೊಡನೆ ಅರಿಶಿನ ಬಣ್ಣ ಬದಲಿಸುತ್ತದೆ. ಸೋಡಾ ಹಾಕಿದ ಹಿಟ್ಟಿಗೆ ಅರಿಶಿನ ಬೆರೆಸಿದರೆ ಅಲ್ಲಲ್ಲಿ ಕೆಂಪು ಚುಕ್ಕೆ ಬೀಳುವುದೂ ಇದರಿಂದಲೇ. ಹಾಗಾಗಿ ಅರಿಶಿನವೂ ಅಂಚಿಗೆ ಮಾತ್ರ ಇರಲಿ. ಬಣ್ಣ ಹಚ್ಚಿದ ಪೊಟ್ಟಣದ ಪುಡಿಗಿಂತ ಮನೆಯಲ್ಲಿ ಕುಟ್ಟಿದ ಕೊಂಬಿನ ಪುಡಿ ಒಳ್ಳೆಯದು, ನಾಲ್ಕು ಚಮಚ ಕ್ರೀಮಿಗೆ ಒಂದು ಚಿಟಿಕೆ ಸಾಕು.

ಕೇಕು ಬೇಯಿಸುವ ಬಗೆ

ಮೊದಲ ಕೆಲಸ ಬೊಂಬೆಯನ್ನು ಅಳೆಯುವುದು. ಬಾರ್ಬಿ ಅಳತೆಯ ಬೊಂಬೆ 29 ಸೆಂ.ಮೀ. ಎತ್ತರವಿರುತ್ತದೆ. ಅದರಲ್ಲಿ ನಡುವಿನಿಂದ ಪಾದಕ್ಕೆ ಹೆಚ್ಚುಕಡಿಮೆ 17 ಸೆಂ.ಮೀ. ಕೇಕೂ ಅಷ್ಟೇ ಎತ್ತರ ಬೇಕು. ಮನೆಮಂದಿ ಕಡಿಮೆಯಿದ್ದರೆ ಚಿಕ್ಕ ಬೊಂಬೆಯನ್ನೇ ಆರಿಸಿ. ದೊಡ್ಡ ಬೊಂಬೆಗೆ ಎರಡು ಕಿಲೋ ಕೇಕಾಗುತ್ತದೆ, ಇಪ್ಪತ್ತೈದು ಮಂದಿ ತಿನ್ನಬಹುದು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಅದನ್ನು ನೋಡಿ ಕೊಳ್ಳಿ. ಗುರುತಿದ್ದರೂ ಬೊಂಬೆ ಊಟದ ಪಾತ್ರೆಯಲ್ಲ. ಸೋಪಿನಲ್ಲಿ ತೊಳೆದು ಒರೆಸಿ, ಕೂದಲನ್ನು ಎತ್ತಿ ಕಟ್ಟಿ, ಎದೆಯಿಂದ ಪಾದದವರೆಗೆ ಅಡುಗೆ ಬಳಕೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಬಿಡಿ.

ಒಂದು ಅಳತೆ ಹಿಟ್ಟಿಗೆ: ಗಟ್ಟಿ ಮೊಸರು 1 ಬಟ್ಟಲು, ಸಕ್ಕರೆ 1 ಬಟ್ಟಲು, ಎಣ್ಣೆ ಅರ್ಧ ಬಟ್ಟಲು, ಮೈದಾ ಒಂದೂವರೆ ಬಟ್ಟಲು, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಒಂದು ಚಮಚ. ಬಟ್ಟಲು ಎಂದರೆ 240 ಮಿಲಿಲೀಟರ್ ಹಿಡಿಯುವಂಥದು. ಮೊಟ್ಟೆ ಬೇಕಿಲ್ಲ. ಅಯ್ಯಂಗಾರ್ ಬೇಕರಿಗಳು ಈ ರಾಜ್ಯದವರಿಗೆ ಮೊಟ್ಟೆಯಿಲ್ಲದ ಕೇಕಿನ ರುಚಿಯನ್ನು ಎಂದೋ ಹತ್ತಿಸಿವೆ.

ಮೊಸರು, ಸಕ್ಕರೆ ಕರಗುವವರೆಗೆ ಕಡೆಯಿರಿ. ಸೋಡಾ, ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಡಿ. ಮೊಸರಿನ ಹುಳಿಗೆ ಸೋಡಾ ಸೇರಿ ಗಾಳಿಗುಳ್ಳೆ ಏಳುತ್ತದೆ. ಎಣ್ಣೆ, ವೆನಿಲಾ ಸೇರಿಸಿ, ಜರಡಿ ಹಿಡಿದ ಮೈದಾವನ್ನು ಎರಡು ಮೂರು ಸಲವಾಗಿ ಹಗುರ ಕೈಯಲ್ಲಿ ಬೆರೆಸಿ. ಚಪಾತಿ ಹಿಟ್ಟಿನ ಹಾಗೆ ನಾದುವ ಬಲ ಇಲ್ಲಿ ಕೂಡದು. ಹೆಚ್ಚು ತಿರುವಿದಷ್ಟೂ ಕೇಕು ಗಡಸು.

ಒಲೆ ಯಾವುದು? ಓವನ್ ಇದ್ದರೆ 180 ಡಿಗ್ರಿ. ಇಲ್ಲದಿದ್ದರೆ ಹಳೇ ದೊಡ್ಡ ಕುಕ್ಕರ್ ಅಥವಾ ದಪ್ಪ ತಳದ ಪಾತ್ರೆ. ಕುಕ್ಕರಿನ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಡುವುದು ಕಡ್ಡಾಯ, ಇಲ್ಲದಿದ್ದರೆ ಅಪಾಯ. ತಳಕ್ಕೆ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಆಮೇಲೆ ಹಿಟ್ಟಿನ ತಟ್ಟೆ ಇಳಿಸಿ. ಉರಿ ಸಣ್ಣಗಿರಲಿ. ಏಳು ಇಂಚಿನ ದುಂಡು ತಟ್ಟೆ ಬೇಯಲು ಮುಕ್ಕಾಲು ಗಂಟೆ, ಆಳದ ಸ್ಟೀಲ್ ಬೋಗುಣಿಗೆ ಒಂದು ಗಂಟೆಯವರೆಗೂ ಬೇಕು. ತಟ್ಟೆಗೆ ತುಪ್ಪ ಸವರಿ, ಮೈದಾ ಉದುರಿಸಿರಬೇಕು. ಹಿಟ್ಟು ಮೂರರಲ್ಲಿ ಎರಡು ಪಾಲಿಗಿಂತ ಮೇಲೇರಬಾರದು. ಚಾಕು ಚುಚ್ಚಿ ತೆಗೆದರೆ ಹಸಿ ಹಿಟ್ಟು ಅಂಟದಿದ್ದಾಗ ಬೆಂದಿದೆ.

ಒಂದೇ ಕುಕ್ಕರ್ ಇದ್ದವರು ನೆನಪಿಡಬೇಕಾದ ಮಾತು: ಮೂರು ಅಳತೆಯ ಹಿಟ್ಟನ್ನು ಒಟ್ಟಿಗೆ ಕಲೆಸಿ ಕಾಯಿಸಬೇಡಿ. ಸೋಡಾದ ಗಾಳಿ ಕಲೆಸಿದ ಕೂಡಲೇ ಏಳಲು ಶುರುವಾಗುತ್ತದೆ. ಸರದಿ ಬರುವಷ್ಟರಲ್ಲಿ ಅದು ಹೊರಟುಹೋಗಿ ಕೇಕು ಕೂತುಬಿಡುತ್ತದೆ. ಒಂದು ಬೆಂದ ಮೇಲೆ ಇನ್ನೊಂದನ್ನು ಕಲೆಸಿ. ಎರಡು ಅಳತೆ ದುಂಡು ತಟ್ಟೆಗೆ, ಒಂದು ಅಳತೆ ಬೋಗುಣಿಗೆ. ಇದನ್ನೆಲ್ಲ ಹಿಂದಿನ ದಿನವೇ ಮುಗಿಸಿ, ರಾತ್ರಿಯಿಡೀ ಆರಲು ಬಿಡಿ. ಬಿಸಿ ಕೇಕಿನ ಮೇಲೆ ಕ್ರೀಮು ನಿಲ್ಲದು, ಕತ್ತರಿಸಿದರೆ ಪುಡಿಯಾಗುತ್ತದೆ.

ಲಂಗ ಉಡಿಸುವುದು

ದುಂಡು ಕೇಕು ಎರಡನ್ನು ಒಂದರ ಮೇಲೊಂದು ಇಟ್ಟು, ಮೇಲೆ ಬೋಗುಣಿ ಕೇಕನ್ನು ಬೋರಲು ಹಾಕಿ. ನಡುನಡುವೆ ಸಕ್ಕರೆ ನೀರು ಚಿಮುಕಿಸಿ ಕ್ರೀಮು ಸವರಿ. ಉದ್ದ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಹೆರೆದರೆ ಗಂಟೆಯಾಕಾರ ಬರುತ್ತದೆ. ಹೆರೆದ ಚೂರುಗಳು ಕಾದು ನಿಂತ ಮಕ್ಕಳ ಪಾಲು. ನಟ್ಟನಡುವೆ ಬೊಂಬೆ ಇಳಿಯುವಷ್ಟು ಕುಳಿ ಕೊರೆದು, ನಡುಮಟ್ಟಕ್ಕೆ ನಿಲ್ಲಿಸಿ.

ಕ್ರೀಮಿಗೆ ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಜರಡಿ ಹಿಡಿದ ಐಸಿಂಗ್ ಸಕ್ಕರೆ 300 ಗ್ರಾಂ, ಎರಡು ಚಮಚ ಹಾಲು. ಬೆಣ್ಣೆಯನ್ನು ಬೆಳ್ಳಗೆ ಹಗುರವಾಗುವವರೆಗೆ ಕಡೆದು, ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ನಾಲ್ಕು ಚಮಚ ಕ್ರೀಮನ್ನು ಅಂಚಿಗೆಂದು ಬೇರೆ ತೆಗೆದಿಟ್ಟು ಅದಕ್ಕೆ ಅರಿಶಿನ ಬೆರೆಸಿ. ಉಳಿದದ್ದಕ್ಕೆ ಬೀಟ್‌ರೂಟ್ ಪುಡಿ ಎರಡು ಮೂರು ಚಮಚ.

ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳ ತಾಯಂದಿರಿಗೆ ಮಾರ್ಚ್, ಏಪ್ರಿಲ್‌ನ ಸೆಖೆ ದೊಡ್ಡ ಸಮಸ್ಯೆ. ಬೆಣ್ಣೆ ಜಾರುತ್ತದೆ, ಕರೆಂಟು ಹೋದರೆ ಫ್ರಿಜ್ಜೂ ಕೈಬಿಡುತ್ತದೆ. ಇದಕ್ಕೆ ಕೊಬ್ಬರಿ ಉತ್ತರ ಹೇಳುತ್ತದೆ. ಒಣಕೊಬ್ಬರಿಯನ್ನು ಸಣ್ಣಗೆ ತುರಿದು, ಮೂರು ನಾಲ್ಕು ಚಮಚ ಬೀಟ್‌ರೂಟ್ ರಸಕ್ಕೆ ಎರಡು ಹನಿ ನಿಂಬೆ ಹಿಂಡಿ ಅದರಲ್ಲಿ ಕೈಯಾಡಿಸಿ ನೆರಳಲ್ಲಿ ಆರಲು ಬಿಡಿ. ನಿಂಬೆಯ ಹುಳಿಗೆ ಗುಲಾಬಿ ಹೊಳೆಯುತ್ತದೆ. ಕೇಕಿಗೆ ತೆಳ್ಳಗೆ ಕ್ರೀಮು ಬಳಿದು, ಅದರ ಮೇಲೆ ಈ ತುರಿಯನ್ನು ಅಂಗೈಯಿಂದ ಒತ್ತುತ್ತ ಹೋದರೆ ಲಂಗ ಸಿದ್ಧ. ಸೆಖೆಗೆ ಕರಗುವ ಭಯ ಕಡಿಮೆ, ರುಚಿ ಕೊಬ್ಬರಿ ಮಿಠಾಯಿಯದು. ಅಜ್ಜಿಗೂ ಇಷ್ಟವಾಗುವ ಕೇಕು ಇದೇ.

ಇನ್ನು ಅಂಚು. ನಾಝಲ್ ಇಲ್ಲವೆಂದು ಕೈಚೆಲ್ಲಬೇಡಿ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕೋನ್ ಸುತ್ತಿ ತುದಿ ಕತ್ತರಿಸಿದರೆ ಆಯಿತು. ಮದುವೆಮನೆಯಲ್ಲಿ ಮೆಹಂದಿ ಹಾಕಿ ಪಳಗಿದ ಅಕ್ಕನೋ ಚಿಕ್ಕಮ್ಮನೋ ಪ್ರತಿ ಮನೆಯಲ್ಲೂ ಇದ್ದಾರೆ. ಕೋನ್ ಅವರ ಕೈಗೆ ಕೊಡಿ, ಲಂಗದ ಕೆಳಗೆ ಜರಿ ಅಂಚು ಎಳೆಯಲಿ. ಮೇಲೆ ಮಾವಿನಕಾಯಿ ಚಿತ್ತಾರ, ಎದೆಗೆ ರವಿಕೆ, ಸುತ್ತ ಸಂಕ್ರಾಂತಿಯಲ್ಲಿ ಉಳಿದ ಸಕ್ಕರೆ ಅಚ್ಚಿನ ಗಿಳಿಗಳು. ಸಿದ್ಧವಾದ ಕೇಕನ್ನು ಬಿಸಿಲು ಬೀಳದ ಕಡೆ ಇಡಿ. ಬಿಸಿಲಿಗೆ ಈ ಎರಡೂ ಬಣ್ಣ ಮಾಸುತ್ತವೆ.

ಕೆಲವು ಎಚ್ಚರಿಕೆಗಳು ಬೇಕೇ ಬೇಕು. ಕೇಕು ನಿಲ್ಲಲೆಂದು ಒಳಗೆ ಹಲ್ಲುಕಡ್ಡಿ ಚುಚ್ಚಬೇಡಿ, ಮಕ್ಕಳ ಬಾಯಿಗೆ ಬರುತ್ತದೆ. ಕರಕುಶಲ ಕೆಲಸಕ್ಕೆ ಮಾರುವ ಮಿಂಚಿನ ಪುಡಿ ಆಹಾರವಲ್ಲ. ಹೊತ್ತಿಸಿದ ಮೇಣದಬತ್ತಿಯ ಬಳಿ ನೊರೆ ಹಾರಿಸುವ ಸ್ಪ್ರೇ ಬಳಸಲೇಬೇಡಿ, ಅದಕ್ಕೆ ಬೆಂಕಿ ಹಿಡಿಯುತ್ತದೆ. ಬೊಂಬೆಯ ಕೂದಲೂ ಸುಲಭವಾಗಿ ಕರಗುವ ನೂಲು, ಮೇಣದಬತ್ತಿ ಅದರಿಂದ ದೂರವಿರಲಿ.

ಅಜ್ಜಿಯ ಪ್ರಶ್ನೆ

'ಅಲ್ಲ ಕಣವ್ವ, ಬೊಂಬೆನ ಕುಯ್ದು ತಿನ್ನದಾ? ದೀಪ ಊದಿ ಆರ್ಸದಾ?' ಎಂದು ಈ ಕಡೆಯ ಅಜ್ಜಿಯರು ಕೇಳಿದರೆ ತಳ್ಳಿಹಾಕಬೇಡಿ. ಪಟ್ಟದ ಬೊಂಬೆಗೆ ಪೂಜೆ ಮಾಡಿದವರ ಮನಸ್ಸು ಅದು. ಅವರ ಮಾತಿಗೆ ದಾರಿಯಿದೆ. ಮೇಣದಬತ್ತಿ ಬದಲು ತುಪ್ಪದ ದೀಪ ಹಚ್ಚಿ ಪಕ್ಕದಲ್ಲಿಡಿ, ಅದು ತಾನಾಗಿ ಉರಿದು ಮುಗಿಯಲಿ. ಅಜ್ಜಿ ಮೊದಲು ಆರತಿ ಬೆಳಗಲಿ. ಆಮೇಲೆ ಮಗುವೇ ಬೊಂಬೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ತೆಗೆಯಲಿ. ಸುತ್ತಿದ ಹಾಳೆ ಬಿಚ್ಚಿದರೆ ಬೊಂಬೆ ಸ್ವಚ್ಛವಾಗಿ ಆಟಕ್ಕೆ ಸಿಗುತ್ತದೆ. ಉಳಿದ ಲಂಗವನ್ನು ಅಂಚಿನಿಂದ ಕತ್ತರಿಸುತ್ತ ಹೋಗಿ. ಬೊಂಬೆಗೆ ಚಾಕು ತಾಗಿತೆಂದು ಯಾವ ಮಗುವೂ ಅಳುವುದಿಲ್ಲ.

ಮಗುವಿನ ಪಾಲು

ಇಷ್ಟೆಲ್ಲ ಕೆಲಸವನ್ನು ಅಮ್ಮ ಒಬ್ಬಳೇ ರಾತ್ರಿ ನಿದ್ದೆಗೆಟ್ಟು ಮಾಡಿ, ಬೆಳಿಗ್ಗೆ ಮಗುವಿಗೆ 'ಆಶ್ಚರ್ಯ' ತೋರಿಸುವುದು ರೂಢಿ. ನನ್ನ ತಕರಾರು ಇರುವುದು ಅಲ್ಲೇ. ಸಕ್ಕರೆ ಅಚ್ಚು ಮಾಡುವಾಗ ಮಕ್ಕಳನ್ನು ಯಾರೂ ಹೊರಗೆ ಕಳಿಸುತ್ತಿರಲಿಲ್ಲ. ಬಿಸಿ ಪಾಕದಿಂದ ದೂರ ಕೂರಿಸಿ, ಅಚ್ಚು ಬಿಚ್ಚುವ ಕೆಲಸ ಕೊಡುತ್ತಿದ್ದರು. ದಸರೆಯಲ್ಲಿ ಕೆಳಗಿನ ಮೆಟ್ಟಿಲು ಮಕ್ಕಳದೇ ಆಗಿತ್ತು. ಕೆಲಸ ಒಂದು ತಲೆಯಿಂದ ಇನ್ನೊಂದಕ್ಕೆ ದಾಟಿದ್ದು ಹಾಗೆ. ಅಚ್ಚುಗಳನ್ನು ಅಂಗಡಿಯಿಂದ ಪೊಟ್ಟಣದಲ್ಲಿ ತರಲು ಶುರುಮಾಡಿದ ಮೇಲೆ ಆ ದಾರಿ ಕಡಿದುಹೋಯಿತು. ಬೊಂಬೆ ಕೇಕು ಅದನ್ನು ಮತ್ತೆ ಜೋಡಿಸಬಲ್ಲದು.

ನಾಲ್ಕರ ಮಗು ಬೀಟ್‌ರೂಟ್ ಬಿಲ್ಲೆಗಳನ್ನು ಮೊರದಲ್ಲಿ ಸಾಲಾಗಿ ಜೋಡಿಸಬಲ್ಲದು, ದಿನಕ್ಕೊಮ್ಮೆ ಮಗುಚಿ ಹಾಕಬಲ್ಲದು. ಐದಾರರ ಮಗು ಮೈದಾ ಜರಡಿ ಹಿಡಿಯುತ್ತದೆ, ಬಟ್ಟಲು ಅಳೆಯುತ್ತದೆ. ಅರ್ಧ, ಮುಕ್ಕಾಲು, ಒಂದೂಕಾಲು ಅನ್ನುವ ಲೆಕ್ಕ ಅಲ್ಲಿ ಬಾಯಿಗೆ ಬರುತ್ತದೆ. ಎಂಟರ ಹುಡುಗಿಗೆ ಒಂದು ತಟ್ಟೆಯಲ್ಲಿ ಅರಿಶಿನ, ಸುಣ್ಣ, ನಿಂಬೆ ಕೊಟ್ಟು ನೋಡಿ. ಹಳದಿ ಕೆಂಪಾಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಹಳದಿಗೆ ಮರಳುತ್ತದೆ. ಆಮ್ಲ, ಕ್ಷಾರದ ಪಾಠ ಶಾಲೆಯಲ್ಲಿ ಬರುವ ಹೊತ್ತಿಗೆ ಅವಳಿಗೆ ಅದು ಹಳೆಯ ಗೆಳೆಯ. ಸುಣ್ಣ ಕಣ್ಣಿಗೆ ಹಾರದಂತೆ ದೊಡ್ಡವರು ಪಕ್ಕದಲ್ಲಿರಬೇಕು, ಒಲೆಯ ಕೆಲಸವೂ ಅವರದೇ. ಅವರು ಅಂದರೆ ಅಮ್ಮ ಮಾತ್ರವಲ್ಲ. ಬೆಣ್ಣೆ ಕಡೆಯುವುದಕ್ಕೆ ಬೇಕಾದ ತೋಳ್ಬಲ ಅಪ್ಪಂದಿರಿಗೂ ಇದೆ. ಕೂದಲು ಹೆಣೆಯುವುದು, ಕೊಬ್ಬರಿ ಒತ್ತುವುದು ಅಣ್ಣತಮ್ಮಂದಿರಿಗೂ ಬರುತ್ತದೆ.

ಮನೆಯಲ್ಲಿ ಕೈ ಪಳಗಿದ ಮೇಲೆ ಇದನ್ನೇ ಕಸುಬಾಗಿಸಲು ಬಯಸುವ ಹೆಣ್ಣುಮಕ್ಕಳಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ದೂರವಿಲ್ಲ, ಬೇಕರಿ ತರಬೇತಿ ಅಲ್ಲಿ ಸಿಗುತ್ತದೆ. ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. ಕೃತಕ ಬಣ್ಣವಿಲ್ಲದ, ಈ ನೆಲದ ಬೀಟ್‌ರೂಟ್ ಮತ್ತು ಅರಿಶಿನ ಹಚ್ಚಿದ ಬೊಂಬೆ ಕೇಕು ಎಂದು ಹೇಳಿ ಮಾರುವವರಿಗೆ ಗಿರಾಕಿ ಸಿಗದೆ ಹೋಗುವ ಕಾಲ ಇದಲ್ಲ.

ಬೇಕರಿಯ ಫೋಟೊದಷ್ಟು ನುಣುಪು ನಿಮ್ಮ ಕೇಕಿಗೆ ಬರದಿರಬಹುದು, ಗುಲಾಬಿ ಒಂದಿಷ್ಟು ಮೆತ್ತಗಿರಬಹುದು. ಅದಕ್ಕೆ ಸಂಕೋಚ ಬೇಡ. ಬೆಳೆದ ಬೀಟ್‌ರೂಟಿನ ಬಣ್ಣ ಇರುವುದೇ ಹಾಗೆ ಎಂದು ತಿಳಿದು ಬೆಳೆಯುವ ಮಗುವಿಗೆ ಕಣ್ಣು ಕುಕ್ಕುವ ಬಣ್ಣ ಕಂಡಾಗ ತಾನಾಗಿ ಅನುಮಾನ ಬರುತ್ತದೆ. ಹುಟ್ಟುಹಬ್ಬದ ಮರುದಿನ ಉಳಿದ ಕೇಕನ್ನು ಪಕ್ಕದ ಮನೆಗೆ ಹಂಚಲು ಹೋದಾಗ ಅವಳು 'ಇದನ್ನ ನಾವೇ ಮಾಡಿದ್ದು' ಎನ್ನುತ್ತಾಳೆ. ಆ 'ನಾವು' ಎಂಬುದರಲ್ಲಿ ಅವಳಿಗೂ ಪಾಲಿರಬೇಕು. ಹುಟ್ಟುಹಬ್ಬಕ್ಕೆ ಹೆತ್ತವರು ಕೊಡಬಹುದಾದದ್ದರಲ್ಲಿ ಆ ಪಾಲೇ ದೊಡ್ಡದು.